ಪೋಡಿನ ಪಕ್ಕದ 'ಖಾಲಿ ಜಾಗ'ದಲ್ಲಿ ಸಸಿ ನೆಡಬಹುದೇ?

ಓದುಗರ ಪ್ರಶ್ನೆ: ನಾನು ಕೊಳ್ಳೇಗಾಲದ ಕಡೆಯವನು. ಬೆಂಗಳೂರಿನಲ್ಲಿ ಕೆಲಸ. ನಾವು ಗೆಳೆಯರು ಸೇರಿ ಒಂದು ಪರಿಸರ ತಂಡ ಕಟ್ಟಿದ್ದೇವೆ. ಒಂದು ಕಂಪನಿ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಕೊಡಲು ಒಪ್ಪಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಪೋಡೊಂದರ (ಹಾಡಿಯ) ಪಕ್ಕದಲ್ಲಿ ಖಾಲಿ ಬಿದ್ದಿರುವ ಜಾಗದಲ್ಲಿ 5,000 ಸಸಿ ನೆಡುವ ಯೋಜನೆ. ಹೊಂಗೆ, ಬೇವು, ಸಿಲ್ವರ್ ಓಕ್ ಸಸಿಗಳನ್ನು ನರ್ಸರಿಯಲ್ಲಿ ಬುಕ್ ಮಾಡಿಯೂ ಆಗಿದೆ. ಪಂಚಾಯ್ತಿಯವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಆದರೆ ಜಾಗ ನೋಡಲು ಹೋದಾಗ ಪೋಡಿನ ತಾತ ಒಬ್ಬರು, "ಸಸಿ ನೆಡಾದು ಬ್ಯಾಡ ಕಣಪ್ಪ. ಮೊದ್ಲು ಲಂಟಾನ ಕೀಳಿ, ಹುಲ್ಲು ತಾನೇ ಬತ್ತದೆ. ನಾವು ತರಗು ಬೆಂಕಿ ಬುಡ್ತಿದ್ದಾಗ ಕಾಡು ಹಿಂಗಿರ್ನಿಲ್ಲ" ಅಂದರು. ನನಗೆ ಗಲಿಬಿಲಿ. ಕಾಡಿಗೆ ಬೆಂಕಿ ಇಡುವುದು ತಪ್ಪಲ್ಲವೇ? ಆದಿವಾಸಿಗಳಿಂದಲೇ ಕಾಡು ಹಾಳಾಗುತ್ತಿದೆ ಅಂತ ನಮ್ಮ ತಂಡದಲ್ಲೇ ಕೆಲವರು ಹೇಳುತ್ತಾರೆ. ಹವಾಮಾನ ಬದಲಾವಣೆಗೆ ಮರ ನೆಡುವುದೇ ಪರಿಹಾರ ಅಲ್ವಾ? ಅವರನ್ನೂ ಸೇರಿಸಿಕೊಂಡು ಕೆಲಸ ಮಾಡಬೇಕೆಂಬ ಆಸೆ ನಮಗಿದೆ. ಹೇಗೆ ಮಾಡುವುದು?

ಉತ್ತರ:

ನಿಮ್ಮ ಪತ್ರ ಓದಿ ಸಂತೋಷವಾಯಿತು. ತಾತ ಬೇಡ ಅಂದಾಗ 'ಅವರಿಗೇನು ಗೊತ್ತು' ಅಂದುಕೊಂಡು ನೀವು ಮುಂದೆ ಹೋಗಲಿಲ್ಲ. ನಿಂತು ಕೇಳಿದಿರಿ. ನಾನು ಚಾಮರಾಜನಗರ ಜಿಲ್ಲೆಯ ಕಾಡುಗಳಲ್ಲಿ ಗಿಡಮರಗಳ ಅಧ್ಯಯನ ಮಾಡುತ್ತಾ ಹತ್ತಿರ ಹತ್ತಿರ ಇಪ್ಪತ್ತು ವರ್ಷವಾಯಿತು. ಶುರುವಿನಲ್ಲಿ ನನಗೂ ಇದೇ ಗಲಿಬಿಲಿ ಇತ್ತು.

ನೀವು ಮೂರ್ನಾಲ್ಕು ಪ್ರಶ್ನೆ ಕೇಳಿದ್ದೀರಿ. ಒಳಗಿರುವ ಆತಂಕ ಮಾತ್ರ ಒಂದೇ ಅನ್ನಿಸುತ್ತದೆ. ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಮಾಡಿಬಿಡುತ್ತೇವೆಯೇ ಎಂಬ ಆತಂಕ. ಈಗಿರುವ ಯೋಜನೆಯಂತೆ ಹೋದರೆ ಅದು ಆಗುವ ಸಾಧ್ಯತೆ ಜಾಸ್ತಿ. ಆದರೆ ಸರಿಪಡಿಸಿಕೊಳ್ಳಲು ಸಮಯವಿದೆ.

ಮೊದಲು ಬೆಂಕಿಯ ವಿಷಯ. ಬೆಂಕಿ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು 2019ರ ಫೆಬ್ರುವರಿಯ ಬಂಡೀಪುರ. ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಆಗ ಸುಟ್ಟಿತು. ತಾತ ಹೇಳಿದ ತರಗು ಬೆಂಕಿ ಆ ಜಾತಿಯದಲ್ಲ. ತರಗು ಅಂದರೆ ಉದುರಿದ ಒಣ ಎಲೆ. ಚಳಿ ಮುಗಿಯುತ್ತಾ ಬರುವಾಗ, ಇಬ್ಬನಿ ಇನ್ನೂ ಬೀಳುತ್ತಿರುವಾಗ, ತರಗು ಪೂರ್ತಿ ಒಣಗಿ ಗರಿಗರಿಯಾಗುವ ಮೊದಲೇ ಬಿಡುವ ಬೆಂಕಿ ಅದು. ನೆಲದ ಮೇಲೆ ಹರಿದುಹೋಗುತ್ತದೆ, ಮರ ಏರುವುದಿಲ್ಲ. ಏಪ್ರಿಲ್‌ನಲ್ಲಿ ದೊಡ್ಡ ಬೆಂಕಿಗೆ ಮೇವಾಗುವ ತರಗು ಆಗಲೇ ಖಾಲಿಯಾಗಿರುತ್ತದೆ. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಎಳೆ ಹುಲ್ಲು ಬರುತ್ತದೆ. ಜಿಂಕೆ, ಕಡವೆ, ಕಾಟಿ ಅಲ್ಲಿಗೆ ಬರುತ್ತವೆ.

ಒಂದು ಸಂಗತಿ ನನ್ನ ಕಣ್ಣು ತೆರೆಸಿತು. ಅದನ್ನು ಹೇಳಲೇಬೇಕು. ಒಮ್ಮೆ ನೆಲ್ಲಿಮರಗಳ ಲೆಕ್ಕ ಹಿಡಿಯುತ್ತಿದ್ದೆ. ಹಣ್ಣು ಬಿಡುವ ಮರ ವರ್ಷ ವರ್ಷ ಕಡಿಮೆಯಾಗುತ್ತಿತ್ತು. ಜನ ಕೊಯ್ದು ಕೊಯ್ದು ಹೀಗಾಗಿದೆ ಎಂದೇ ನಾನು ತಿಳಿದಿದ್ದೆ. ಜೊತೆಗಿದ್ದ ಸೋಲಿಗ ಹಿರಿಯರು ಏನೂ ಹೇಳದೆ ಒಂದು ಕೊಂಬೆ ಬಗ್ಗಿಸಿ ತೋರಿಸಿದರು. ನೆಲ್ಲಿ ಎಲೆ ಸಣ್ಣ, ಗರಿಯ ಹಾಗೆ ಅಲ್ವಾ? ಅದರ ನಡುವೆ ದಪ್ಪ ಎಲೆಯ ಬೇರೆಯೇ ಒಂದು ಪೊದೆ. ಅದು ಕೂತ ಕಡೆ ಕೊಂಬೆ ಗಂಟು ಕಟ್ಟಿ ಉಬ್ಬಿತ್ತು. ಗಂಟಿನಿಂದ ಆಚೆಗೆ ಕೊಂಬೆ ಪೂರ್ತಿ ಒಣಗಿತ್ತು. "ಇದು ಉಪ್ಪಿಲು" ಅಂದರು. ನಾವು ಬದನಿಕೆ ಅನ್ನುತ್ತೇವಲ್ಲ, ಆ ಜಾತಿ. ಅದರ ಹಣ್ಣು ಅಂಟು ಅಂಟು. ಹಕ್ಕಿ ತಿಂದು ಕೊಂಬೆಗೆ ಕೊಕ್ಕು ಒರೆಸುತ್ತದೆ, ಬೀಜ ಅಲ್ಲೇ ಅಂಟಿಕೊಂಡು ಬೇರು ಬಿಡುತ್ತದೆ. ಮರದ ರಸ ಹೀರಿ ಬೆಳೆಯುತ್ತದೆ.

ಹಿರಿಯರ ವಿವರಣೆ ಸರಳವಾಗಿತ್ತು. ತರಗು ಬೆಂಕಿಯ ಬಿಸಿಗೆ, ಹೊಗೆಗೆ ಉಪ್ಪಿಲು ಉಳಿಯುತ್ತಿರಲಿಲ್ಲ. ಉಳಿದದ್ದನ್ನು ನೆಲ್ಲಿ ಕೊಯ್ಯುವಾಗ ನಾವೇ ಕಡಿದು ಹಾಕುತ್ತಿದ್ದೆವು. ಈಗ ಬೆಂಕಿಯೂ ಇಲ್ಲ, ಕೊಯ್ಯಲು ಹೋಗುವವರೂ ಕಡಿಮೆ. ಉಪ್ಪಿಲಿಗೆ ಹಬ್ಬ.

ಇದರಲ್ಲಿ ಎಷ್ಟು ಸಾಬೀತಾಗಿದೆ? ಉಪ್ಪಿಲು ಹೆಚ್ಚಿರುವುದು ನಿಜ. ಬಿಳಿಗಿರಿಯ ನೆಲ್ಲಿಮರಗಳ ಮೇಲೆ ನಡೆದ ದೀರ್ಘ ಅಧ್ಯಯನಗಳು, ಹಣ್ಣು ಕೊಯ್ಯುವುದಕ್ಕಿಂತ ಉಪ್ಪಿಲು ಮತ್ತು ಲಂಟಾನದಿಂದ ಮರಗಳಿಗೆ ಹೆಚ್ಚು ಪೆಟ್ಟು ಬಿದ್ದಿದೆ ಎಂದು ಕಂಡುಕೊಂಡಿವೆ. ಬೆಂಕಿ ಉಪ್ಪಿಲನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂಬುದನ್ನು ಮಾತ್ರ ಅಭಯಾರಣ್ಯದೊಳಗೆ ಬೆಂಕಿ ಹಚ್ಚಿ ಪರೀಕ್ಷಿಸುವುದು ಸುಲಭವಲ್ಲ. ಹಾಗಾಗಿ ಅದನ್ನು ಹಿರಿಯರ ಅನುಭವದ ಮಾತಾಗಿ ಇಟ್ಟುಕೊಳ್ಳೋಣ. ತಲೆಮಾರುಗಳಿಂದ ಆ ಮರಗಳನ್ನು ನೋಡಿದವರ ಮಾತು ಅದು ಎಂಬುದನ್ನೂ ನೆನಪಿಡೋಣ.

ಈಗ ಲಂಟಾನ. ಇದು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಗಿಡ. 1800ರ ದಶಕದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕಾಗಿ ತಂದದ್ದು. ಬಿಳಿಗಿರಿ ಕಾಡಿನಲ್ಲಿ 1997ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಅದೇ ಜಾಗಗಳನ್ನು ಅಳೆದು ನೋಡಿದಾಗ, ಅದು ಹರಡಿದ ಪ್ರದೇಶ ಸುಮಾರು ಎರಡು ಪಟ್ಟಾಗಿತ್ತು. ಆಳೆತ್ತರದ ಪೊದೆ. ಒಳಗೆ ಹುಲ್ಲು ಹುಟ್ಟುವುದಿಲ್ಲ, ಮರದ ಎಳೆ ಸಸಿ ಏಳುವುದು ಕಷ್ಟ. ಬೆಂಕಿ ನಿಲ್ಲಿಸಿದ್ದಕ್ಕೇ ಲಂಟಾನ ಬಂತು ಎಂದು ಸೋಲಿಗರು ಹೇಳುತ್ತಾರೆ. ನನ್ನ ಪ್ರಕಾರ ಅದು ಒಂದು ಮುಖ್ಯ ಕಾರಣ, ಒಂದೇ ಕಾರಣವಲ್ಲ. ಬೀಜ ಹರಡುವ ಹಕ್ಕಿಗಳು, ದಾರಿಗಳು, ಮರ ಕಡಿದು ಬೆಳಕು ಬಿದ್ದ ಜಾಗಗಳು ಎಲ್ಲವೂ ಸೇರಿವೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಗೂ ಜಾಗ ಕೊಡಬಾರದು. 'ಹಾಗಾದರೆ ಬೆಂಕಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ' ಎಂಬುದು ಸುಳ್ಳು. ಹುಲ್ಲು, ತರಗು ಇದ್ದ ಕಾಲದ ಬೆಂಕಿ ಮೊಣಕಾಲಿನ ಎತ್ತರಕ್ಕೆ ಬರುತ್ತಿತ್ತು. ಈಗ ಆಳೆತ್ತರದ ಲಂಟಾನಕ್ಕೆ ತಗುಲಿದರೆ ಜ್ವಾಲೆ ಮರದ ನೆತ್ತಿಗೆ ಏರುತ್ತದೆ. ದೊಡ್ಡ ಮರಗಳೇ ಸಾಯುತ್ತವೆ. ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ನಿಮ್ಮ ತಾತ ಇದನ್ನು ಸರಿಯಾಗಿಯೇ ಹೇಳಿದ್ದಾರೆ, ಗಮನಿಸಿ. 'ಮೊದ್ಲು ಲಂಟಾನ ಕೀಳಿ' ಅಂದರು. ಬೆಂಕಿ ಹಚ್ಚಿ ಅನ್ನಲಿಲ್ಲ.

ಕಾನೂನನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ನೀವಾಗಲಿ, ನಿಮ್ಮ ಒತ್ತಾಸೆಯಿಂದ ಪೋಡಿನವರಾಗಲಿ ಬೆಂಕಿಯ ಹತ್ತಿರ ಹೋಗಬೇಡಿ. ಕೇಸು ಅವರ ಮೇಲೂ ಬೀಳಬಹುದು, ನಿಮ್ಮ ಮೇಲೂ ಬೀಳಬಹುದು. ಕಾಡನ್ನು ನಿರ್ವಹಿಸುವ ಸಮುದಾಯದ ಹಕ್ಕಿನಲ್ಲಿ ಬೆಂಕಿಯೂ ಸೇರುತ್ತದೆಯೇ ಎಂಬುದು ಇನ್ನೂ ಇತ್ಯರ್ಥವಾಗದ ವಿಷಯ. ನನಗೆ ನೋವಾಗುವುದು ಇಲ್ಲಿ. ಬೇಸಿಗೆಯಲ್ಲಿ ಬೆಂಕಿ ಆರಿಸಲು, ಬೆಂಕಿ ಹರಡದಂತೆ ಬೆಂಕಿರೇಖೆ ಮಾಡಲು ದಿನಗೂಲಿಗೆ ಕರೆಯುವುದು ಸೋಲಿಗರನ್ನೇ. ಬೆಂಕಿಯ ಯೋಜನೆ ಬರೆಯುವ ಮೇಜಿಗೆ ಅವರನ್ನು ಕರೆಯುವುದು ಅಪರೂಪ.

ಇನ್ನು 'ಆದಿವಾಸಿಗಳಿಂದ ಕಾಡು ಹಾಳು' ಎಂಬ ಮಾತು. ಸ್ವಲ್ಪ ಹಿಂದಕ್ಕೆ ಹೋಗೋಣ. ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾಯಿತು. ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ರಸ್ತೆಯ ಬದಿಗೆ, ಅಂಚಿಗೆ ತಂದರು. ಕುಮ್ರಿ ಬೇಸಾಯ (ಕಾಡಿನಲ್ಲಿ ಜಾಗ ಬದಲಿಸುತ್ತಾ ಮಾಡುವ ಬೇಸಾಯ) ನಿಂತಿತು, ಬೇಟೆ ನಿಂತಿತು, ಬೆಂಕಿ ನಿಂತಿತು. ಆಮೇಲೆ ಉಳಿದದ್ದು ಜೇನು, ನೆಲ್ಲಿ, ಮರದ ಪಾಚಿ, ಅಂಟುವಾಳ, ಸೀಗೆ. 1990ರ ದಶಕದ ಅಧ್ಯಯನದಂತೆ ಸೋಲಿಗರ ಕೈಗೆ ಬರುತ್ತಿದ್ದ ಕಾಸಿನಲ್ಲಿ ಅರ್ಧದಷ್ಟು ಈ ಕಾಡುತ್ಪನ್ನದಿಂದಲೇ ಬರುತ್ತಿತ್ತು. 2006ರ ಹೊತ್ತಿಗೆ ಮಾರಾಟಕ್ಕಾಗಿ ಅದನ್ನು ತರುವುದೂ ನಿಷೇಧವಾಯಿತು. ಎಷ್ಟೋ ಮನೆಗಳಿಂದ ಗಂಡಸರು, ಹೆಂಗಸರು ಕೂಲಿಗೆ ಹೊರಗೆ ಹೋಗಬೇಕಾಯಿತು.

ಅದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎತ್ತಂಗಡಿಯ ಭಯ. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ದೊಡ್ಡ ಸುದ್ದಿ. ಹುಲಿಗಳ ಕತೆ ಏನಾಯಿತು? 2010ರಲ್ಲಿ 35 ಎಂದಿದ್ದ ಅಂದಾಜು 2014ರಲ್ಲಿ 68 ಆಯಿತು. ಹಕ್ಕು ಕೊಟ್ಟಿದ್ದರಿಂದಲೇ ಹುಲಿ ಹೆಚ್ಚಿತು ಎಂದು ನಾನು ಹೇಳುವುದಿಲ್ಲ. ಎಣಿಕೆಯ ವಿಧಾನವೂ ಸುಧಾರಿಸಿರುತ್ತದೆ, ರಕ್ಷಣೆಯೂ ಬಿಗಿಯಾಗಿರುತ್ತದೆ. ಆದರೆ ಜನ ಇದ್ದರೆ ಹುಲಿ ಉಳಿಯುವುದಿಲ್ಲ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ಗೆಳೆಯರಿಗೆ ಇಷ್ಟು ಹೇಳಿ.

ಮರ ನೆಡುವುದೇ ಪರಿಹಾರವೇ? ಎಲ್ಲಿ ಎಂಬುದರ ಮೇಲೆ ನಿಂತಿದೆ. ಕಾಡು ಕಡಿದು ಬೋಳಾದ ಕಡೆ, ರಸ್ತೆ ಬದಿಯಲ್ಲಿ, ಊರೊಳಗೆ ಹೌದು. ಆದರೆ ಬಿಳಿಗಿರಿಯ ತಪ್ಪಲಿನ ಎಲೆ ಉದುರುವ ಕಾಡಿನಲ್ಲಿ ಮರಗಳ ನಡುವೆ ಹುಲ್ಲು ಇರುವುದೇ ಸಹಜ. ಅಲ್ಲಿ ಒತ್ತೊತ್ತಾಗಿ ಸಸಿ ತುಂಬಿದರೆ ಹುಲ್ಲು ಸಾಯುತ್ತದೆ, ಮೇಯುವ ಪ್ರಾಣಿಗೆ ಮೇವು ಹೋಗುತ್ತದೆ. ಹುಲ್ಲಿನ ಬೇರು ಮಣ್ಣಿನಲ್ಲಿ ಹಿಡಿದಿಟ್ಟ ಇಂಗಾಲವೂ ಲೆಕ್ಕಕ್ಕೆ ಬರಬೇಕಲ್ಲ. ಸಿಲ್ವರ್ ಓಕ್ ಅಂತೂ ಆಸ್ಟ್ರೇಲಿಯಾದ ಮರ. ಕಾಫಿ ತೋಟಕ್ಕೆ ಸರಿ, ಕಾಡಿಗೆ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚುಚ್ಚಿದ ಪದ 'ಖಾಲಿ'. ಬೈಯುತ್ತಿಲ್ಲ, ನಾನೂ ಹಾಗೇ ಬರೆಯುತ್ತಿದ್ದೆ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಇದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಐದು ಬಗೆಯ ಜಾಗಗಳು. ಸೋಲಿಗ ಹಿರಿಯರ ಜೊತೆ ಸಂಶೋಧಕರು ಕಾಡು ಸುತ್ತಿ ಇಂಥ 489 ಜಾಗಗಳನ್ನು ನಕ್ಷೆಗೆ ಇಳಿಸಿದ್ದಾರೆ. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರವಾದರೆ ನೋಡಿದ ಕೂಡಲೇ ಕೈಮುಗಿಯುವಂತಿದೆ. ಎಲ್ಲವೂ ಹಾಗಿಲ್ಲ. ಕಲ್ಲುಗುಡಿಯಲ್ಲಿ ನಾಲ್ಕು ಕಲ್ಲು ನೆಟ್ಟಿರುತ್ತವೆ, ಅಷ್ಟೆ. ಗುಂಡಿ ತೋಡುವ ಆಳಿಗೆ ಅವು ಬರೀ ಅಡ್ಡ ಬಂದ ಕಲ್ಲು. ಪೋಡಿನವರಿಗೆ ಅವು ತೀರಿಕೊಂಡ ಹಿರಿಯರು. ನಿಮ್ಮ 5,000 ಗುಂಡಿಗಳಲ್ಲಿ ಒಂದು ಅಲ್ಲಿ ಬಿದ್ದರೆ ಆಮೇಲೆ ಯಾವ ಸಭೆ ಕರೆದರೂ ಪ್ರಯೋಜನವಿಲ್ಲ.

ಸೇರಿಸಿಕೊಳ್ಳುವುದು ಹೇಗೆ ಅಂತ ಕೇಳಿದಿರಿ. ನಾನು ಆ ಪ್ರಶ್ನೆಯನ್ನೇ ತಿರುಗಿಸುತ್ತೇನೆ. ಅವರ ಕೆಲಸಕ್ಕೆ ಅವರು ನಿಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನಿನ ಮಾತು ಕೂಡ. ಪಂಚಾಯ್ತಿಯ ಒಪ್ಪಿಗೆ ಇಲ್ಲಿ ಸಾಲದು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಅಂದರೆ ಆ ಪೋಡಿನ ವಯಸ್ಕರೆಲ್ಲರ ಸಭೆ. ಕನಿಷ್ಠ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಸಮುದಾಯ ಅರಣ್ಯ ಸಂಪನ್ಮೂಲವನ್ನು ಕಾಪಾಡುವ, ಪುನರುಜ್ಜೀವನ ಮಾಡುವ, ನಿರ್ವಹಿಸುವ ಹಕ್ಕು ಆ ಸಭೆಯದು. ಆ ಪೋಡಿಗೆ ಹಕ್ಕುಪತ್ರ ಸಿಕ್ಕಿದೆಯೇ, ಅರ್ಜಿ ಬಾಕಿ ಇದೆಯೇ, ನೀವು ನೋಡಿದ ಜಾಗ ಅದರೊಳಗಿದೆಯೇ? ಮೊದಲು ಇದನ್ನು ತಿಳಿದುಕೊಳ್ಳಿ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯೂ ಬೇಕೇ ಬೇಕು.

ಹಕ್ಕು ಮೊದಲು ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಹಿರಿಯರ ತಿಳಿವಳಿಕೆಯನ್ನು ಕೇಳಿ ಬರೆದುಕೊಂಡು ಹೋಗುವವರಿಗೆ ಬರವಿಲ್ಲ. ನಾನೂ ಒಬ್ಬ. ಆ ತಿಳಿವಳಿಕೆಯಂತೆ ನಡೆಯಲು ಅವರಿಗೆ ಬಿಡದಿದ್ದರೆ ಅದು ಕಾಗದದಲ್ಲಿ ಉಳಿಯುತ್ತದೆ, ಕಾಡಿನಲ್ಲಿ ಅಲ್ಲ. ಆಸ್ಟ್ರೇಲಿಯಾದ ಉತ್ತರದ ಆರ್ನ್‌ಹೆಮ್ ಲ್ಯಾಂಡ್ ನೋಡಿ. ಅಲ್ಲೂ ಮೂಲನಿವಾಸಿಗಳು ಮಳೆಯಿಲ್ಲದ ಕಾಲದ ಶುರುವಿನಲ್ಲಿ ತಣ್ಣನೆಯ ಬೆಂಕಿ ಬಿಡುತ್ತಿದ್ದರು. ಅವರು ಆ ನೆಲದಿಂದ ದೂರವಾದ ಮೇಲೆ ಮಳೆಯಿಲ್ಲದ ಕಾಲದ ಕೊನೆಗೆ ಭಾರಿ ಕಾಡ್ಗಿಚ್ಚು ಶುರುವಾಯಿತು. 1976ರ ಕಾಯ್ದೆಯಿಂದ ನೆಲ ಅವರಿಗೆ ವಾಪಸ್ ಸಿಕ್ಕಿತು. ಮೂವತ್ತು ವರ್ಷದ ನಂತರ, 2006ರಲ್ಲಿ, ಅವರ ಬೆಂಕಿಯ ಪದ್ಧತಿ ಮತ್ತು ವಿಜ್ಞಾನಿಗಳ ಲೆಕ್ಕ ಸೇರಿ ದೊಡ್ಡ ಯೋಜನೆಯಾಯಿತು. ದೊಡ್ಡ ಬೆಂಕಿ ತಪ್ಪಿ ಉಳಿದ ಇಂಗಾಲಕ್ಕೆ ಅವರಿಗೆ ಹಣ ಬರುತ್ತದೆ. ನಮ್ಮ ಕಾಡು ಬೇರೆ, ಅಲ್ಲಿಯದನ್ನು ಹಾಗೇ ಇಲ್ಲಿಗೆ ತರಲಾಗದು. ಆದರೆ ಕ್ರಮ ಗಮನಿಸಿ. ನೆಲದ ಹಕ್ಕು ಮೊದಲು ಬಂತು, ಯೋಜನೆ ಆಮೇಲೆ. ಅಂದಹಾಗೆ, ನಿಮ್ಮ ಕಂಪನಿ ಈ ಸಸಿಗಳ ಲೆಕ್ಕದಲ್ಲಿ ಕಾರ್ಬನ್ ಕ್ರೆಡಿಟ್ (ಇಂಗಾಲ ಉಳಿಸಿದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರ) ಕೇಳುವ ಯೋಚನೆಯಲ್ಲಿದೆಯೇ ಎಂದು ಈಗಲೇ ವಿಚಾರಿಸಿ. ಇದ್ದರೆ ಅದು ಯಾರ ಪಾಲು ಎಂಬುದು ಗ್ರಾಮಸಭೆಯ ಮುಂದೆ ಬರಬೇಕು.

ಹಾಗಾದರೆ ನಿಮ್ಮ ಮುಂದೆ ಏನಿದೆ?

ಈಗಿನ ಯೋಜನೆಯನ್ನೇ ಮುಂದುವರಿಸಬಹುದು. ಫೋಟೋ ಚೆನ್ನಾಗಿ ಬರುತ್ತದೆ. ಎರಡನೇ ಬೇಸಿಗೆಗೆ ನೀರು ಹಾಕುವವರಿಲ್ಲದೆ ಬಹಳಷ್ಟು ಸಸಿ ಒಣಗುತ್ತವೆ, ಉಳಿದವನ್ನು ಲಂಟಾನ ಮುಚ್ಚುತ್ತದೆ. ಇದನ್ನು ನಾನು ಬೇರೆ ಕಡೆ ಕಣ್ಣಾರೆ ಕಂಡಿದ್ದೇನೆ. ಬೇಡ ಅನ್ನುತ್ತೇನೆ.

ನನಗೆ ಒಪ್ಪಿಗೆಯಾಗುವುದು ತಾತ ಹೇಳಿದ ದಾರಿ. ಗ್ರಾಮಸಭೆ ಒಪ್ಪಿದರೆ, ಅದು ಗುರುತಿಸಿದ ತುಂಡು ಜಾಗದಲ್ಲಿ ಲಂಟಾನ ಕೀಳುವ ಕೆಲಸ. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ಒಂದೆರಡು ಇಂಚು ಕೆಳಗೆ ತಾಯಿಬೇರನ್ನು ಕಡಿದು, ಬುಡ ಮೇಲೆ ಮಾಡಿ ಹಾಕಬೇಕು. ಹಣ್ಣಾಗುವ ಮೊದಲೇ ಮಾಡಬೇಕು. ಒಂದೇ ಸಲ ಎಲ್ಲ ಕಿತ್ತರೆ ಪ್ರಾಣಿಗಳಿಗೆ ಮರೆ ಹೋಗುತ್ತದೆ, ಮಳೆಗೆ ಮಣ್ಣೂ ಕೊಚ್ಚುತ್ತದೆ. ತುಂಡು ತುಂಡಾಗಿ ಹೋಗಿ. ಕಿತ್ತ ಕಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಕುರ್ಚಿ, ಮೇಜು ಮಾಡುತ್ತಾರೆ. ಆ ಕೆಲಸ ಕಲಿಯಲು ಪೋಡಿನ ಯುವಕರಿಗೆ ಮನಸ್ಸಿದ್ದರೆ ಅದಕ್ಕೂ ಹಣ ಇಡಬಹುದು.

ಅಪಾಯ ಯಾವುದೆಂದರೆ, ಇದು ಒಂದು ವರ್ಷದ ಕೆಲಸವಲ್ಲ. ಮಣ್ಣಿನಲ್ಲಿರುವ ಬೀಜ ಮತ್ತೆ ಮತ್ತೆ ಮೊಳೆಯುತ್ತದೆ. ಕನಿಷ್ಠ ಮೂರು ವರ್ಷ ಬೆನ್ನು ಬಿಡದೆ ಕೀಳಬೇಕು. ಸಿಎಸ್‌ಆರ್ ಹಣವೋ ಮಾರ್ಚ್ 31ಕ್ಕೆ ಲೆಕ್ಕ ಕೇಳುತ್ತದೆ. ಮೂರು ವರ್ಷದ ಮಾತು ಕೊಡಲು ಕಂಪನಿ ಒಪ್ಪದಿದ್ದರೆ ಶುರು ಮಾಡಲೇಬೇಡಿ. ಅರ್ಧಕ್ಕೆ ಬಿಟ್ಟ ಜಾಗ ಮೊದಲಿಗಿಂತ ಕೆಡುತ್ತದೆ.

ಇನ್ನೊಂದು ದಾರಿಯೂ ಇದೆ, ಅದಕ್ಕೆ ದುಡ್ಡು ಕೊಡುವವರು ಕಡಿಮೆ. ಗ್ರಾಮಸಭೆ ತನ್ನ ಕಾಡಿನ ನಿರ್ವಹಣಾ ಯೋಜನೆಯನ್ನು ತಾನೇ ಬರೆದುಕೊಳ್ಳಲು ನೆರವಾಗುವುದು. ಎಲ್ಲೆಯ ನಕ್ಷೆ, ಓಡಾಟದ ಖರ್ಚು, ಬರೆಯಲು ಪೋಡಿನದೇ ಇಬ್ಬರು ಓದಿದ ಹುಡುಗ ಹುಡುಗಿಯರಿಗೆ ಸಂಬಳ. ನಿಧಾನದ ಕೆಲಸ, ಫೋಟೋಗೆ ಏನೂ ಸಿಗದು. ಆದರೆ ಇದಕ್ಕೆ ಸಮಯ ಮೀರುತ್ತಿದೆ. 1974ಕ್ಕೆ ಮುಂಚೆ ದೊಡ್ಡವರಾಗಿ ತಾವೇ ತರಗು ಬೆಂಕಿ ಬಿಟ್ಟವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಇಳಿಜಾರಿನಲ್ಲಿ, ಗಾಳಿ ಯಾವ ಕಡೆ ಇದ್ದಾಗ, ಎಲ್ಲಿ ನಿಲ್ಲಿಸಬೇಕು ಎಂಬುದು ಅವರ ಕೈಗೆ ಗೊತ್ತು. ಮೊಮ್ಮಕ್ಕಳು ಅದನ್ನು ನೋಡಿಯೇ ಇಲ್ಲ.

ಸಭೆಯಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ ಅಂದುಕೊಳ್ಳಬೇಡಿ. ತಾತನಿಗೆ ಹುಲ್ಲು ಬೇಕು, ಕಾಫಿ ಹಾಕಿದ ಯುವಕನಿಗೆ ನೆರಳು ಬೇಕು, ಸೌದೆ ತರುವ ಅಕ್ಕನಿಗೆ ಹತ್ತಿರದಲ್ಲಿ ಒಣ ಕಡ್ಡಿ ಬೇಕು. ಲಂಟಾನ ಕಡ್ಡಿಯನ್ನೇ ಒಲೆಗೆ ಹಾಕುವ ಮನೆಗಳೂ ಇವೆ. ಹೆಂಗಸರು ಬರುವ ಹೊತ್ತಿಗೆ ಸಭೆ ಇಡಿ. ಕೂಲಿಗೆ ಹೋಗುವ ದಿನ ಕರೆದರೆ ಯಾರು ಬರುತ್ತಾರೆ? ಮೊದಲ ಸಭೆಗೆ ಬರೀ ಕೇಳಲು ಹೋಗಿ, ಬ್ಯಾನರ್ ಒಯ್ಯಬೇಡಿ. ಅವರು ಕೊನೆಗೆ ಏನೂ ಬೇಡ ಅಂದರೂ ಅಂದರು. ಆಗ ಆ ಉತ್ತರವನ್ನೇ ಕಂಪನಿಗೆ ಬರೆದು ತಿಳಿಸಿ.

ನರ್ಸರಿಯ ಸಸಿಗಳ ಚಿಂತೆ ಬೇಡ. ಹೊಂಗೆ, ಬೇವನ್ನು ಕೊಳ್ಳೇಗಾಲ, ಯಳಂದೂರು ಕಡೆಯ ಶಾಲೆಗಳಿಗೆ, ಹೊಲದ ಬದುವಿಗೆ ಹಾಕುವ ರೈತರಿಗೆ ಕೊಡಿ. ಇಬ್ಬರೂ ನೀರು ಹಾಕಿ ಬೆಳೆಸುತ್ತಾರೆ. ಸಿಲ್ವರ್ ಓಕ್ ಬುಕಿಂಗ್ ರದ್ದು ಮಾಡಿಸಿ. ಆಗದಿದ್ದರೆ ಕಾಫಿ ತೋಟದವರು ಕೇಳಿ ತೆಗೆದುಕೊಳ್ಳುತ್ತಾರೆ. ಆಮೇಲೆ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಮತ್ತೆ ಪೋಡಿಗೆ ಹೋಗಿ. ಆ ತಾತ ಬಂದರೆ ಅವರ ಜೊತೆ ಆ ಜಾಗವನ್ನು ಒಂದು ಸುತ್ತು ನಡೆದು ಬನ್ನಿ. ಎಲ್ಲಿ ಏನಿತ್ತು ಅಂತ ಅವರೇ ತೋರಿಸುತ್ತಾರೆ.